ಹವಳಕ್ಕೆ ಅರ್ಧ ಬಟ್ಟಲು

ಅಳಿಯಾ ಹಮ್ರಾಕುಲ್,

ನಿನ್ನ ವಿಳಾಸ ನನ್ನಕ್ಕ, ನಿನ್ನಮ್ಮನ ಹತ್ತಿರವಿದೆ. ಕೇಳಿದರೆ ಅವಳ ಮುಂದೆ ಸೋತಂತಾಗುತ್ತದೆ, ಹಾಗಾಗಿ ಇದು ಅಂಚೆಗೆ ಹೋಗುವುದಿಲ್ಲ.

ಸಮುದ್ರವನ್ನೇ ಕಾಣದ ಮಾರ್ಗಿಲಾನಿನಲ್ಲಿ, ಚಹಾದಂಗಡಿಯ ಗಾಜಿನ ತೊಟ್ಟಿಯಲ್ಲಿ ಹವಳ ಬೆಳೆಸಿದ ಗಂಡಸು ನಾನೊಬ್ಬನೇ! ಅಂಥವನಿಗೆ ನೀನು ಅಂದೆ: "ಮಾವಾ, ಫಿಲ್ಟರಿಗೆ ನೀರು ಸೋಸೋ ಹರಳು ಅರ್ಧ ತುಂಬಿದ್ರೆ ಸಾಕು. ನೈಟ್ರೇಟು ಫಾಸ್ಫೇಟೆಲ್ಲ ಪೂರ್ತಿ ಹೀರಿಬಿಟ್ರೆ ಪಾಪ, ಹವಳ ಏನು ತಿನ್ಬೇಕು?" ಕೂತವರೆಲ್ಲ ನಕ್ಕರು. ನಾನು ಬಾಯಲ್ಲಿ ಹೋಗು ಎನ್ನಲಿಲ್ಲ. ನಮ್ಮಲ್ಲಿ ಬೇಕಾದವರಿಗೆ ಅರ್ಧ ಬಟ್ಟಲೇ ಸುರಿಯುವುದು; ಬೇಡದ ಅತಿಥಿಗೆ ಮಾಡುವಂತೆ ನಿನ್ನ ಚಹಾ ಬಟ್ಟಲನ್ನು ಅಂಚಿನ ತನಕ ತುಂಬಿಸಿದೆ. ನೀನು ಕುಡಿಯದೆ ಎದ್ದೆ.

ಹೋದ ತಿಂಗಳು ಹವಳಗಳು ಸುಣ್ಣದಂತೆ ಬಿಳಿಚಿದವು. ನೀರು ಪರೀಕ್ಷಿಸಿದರೆ ನೈಟ್ರೇಟು, ಫಾಸ್ಫೇಟು ಎರಡೂ ಸೊನ್ನೆ. ಎಷ್ಟು ಶುದ್ಧ ನೀರು ಎಂದು ನಾನು ಮೀಸೆ ತಿರುವಿದೆ. ನಿನ್ನತ್ತೆ ಓಯ್‌ಗುಲ್ ಫಿಲ್ಟರಿನ ಮುಚ್ಚಳ ತೆಗೆದು, ಅಂಚಿನ ತನಕ ತುಂಬಿದ್ದ ಹರಳು ನೋಡಿದಳು. "ರೀ, ಹವಳಕ್ಕೂ ಬಟ್ಟಲು ತುಂಬಿಸ್ಬಿಟ್ರಾ? ಅವೂ ಎದ್ದು ಹೊರಟಿವೆ ನೋಡಿ."

ಅರ್ಧ ಹರಳು ತೆಗೆದೆ. ನೀನು ಹಿಂದೆ ನೆಟ್ಟ ಚಿಕ್ಕ ಹವಳಕ್ಕೆ ನಿನ್ನೆ ಎಳೆ ನೇರಳೆ ಬಣ್ಣ ಮರಳಿತು. ಎಲ್ಲರಿಗೂ ನನ್ನ ಕೈಗುಣವೆಂದೇ ಹೇಳಿದ್ದೇನೆ.

ತೊಟ್ಟಿಯ ಪಕ್ಕದ ನಿನ್ನ ಜಾಗದಲ್ಲಿ ದಿನವೂ ಒಂದು ಬಟ್ಟಲು ಇಡುತ್ತೇನೆ. ಚಹಾ ಆರಿದರೆ ಚೆಲ್ಲಿ, ಮತ್ತೆ ಬಿಸಿಯದು ಸುರಿಯುತ್ತೇನೆ. ಅರ್ಧವೇ.

ನಿನ್ನ ಮಾವ
ಎರ್ಗಾಶ್