ಮೋಡಬಾಗಿಲು ತೆರೆಯುವ ಕೆಲಸ

ಮೇಲ್ಗುಡ್ಡ
ಕ್ರಿ.ಶ. 2261, ಎರಡನೆಯ ಆಷಾಢದ ಮೂವತ್ತೆಂಟನೆಯ ದಿನ

ನಮಗಿಂತ ಎಷ್ಟೋ ಮೊದಲು ಹುಟ್ಟಿದವರಿಗೆ ಶಿವಗಂಗಾ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ನಗಬೇಡಿ. ಮಳೆಗಾಲ ಕ್ಯಾಲೆಂಡರಿನ ಮಾತು ಕೇಳುವುದನ್ನು ಬಿಟ್ಟ ಮೇಲೆ ನಾವು ಆಷಾಢವನ್ನು ಎರಡು ಮಾಡಿ, ಎರಡನ್ನೂ ಎಳೆದು ಉದ್ದ ಮಾಡಿಕೊಂಡಿದ್ದೇವೆ. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ಅರ್ಥ ಹೇಳುತ್ತಲೇ ಹೋಗುತ್ತೇನೆ.

ನಿಮ್ಮ ಕಾಲದಲ್ಲಿ ಗುಡುಗು ಮಳೆ ನಿಂತ ಮೇಲೆ ಜನ ಮಹಡಿ ಹತ್ತಿ, ಗಾಳಿ ತೊಳೆದಂತಾಯಿತು ಎನ್ನುತ್ತಿದ್ದರಂತೆ. ಹೊಗೆಯೆಲ್ಲ ಎಲ್ಲಿಗೆ ಹೋಯಿತು ಎಂದು ಒಬ್ಬರಾದರೂ ಕೇಳಬಾರದಿತ್ತೇ? ಒಂದಿಷ್ಟು ನೀರಿನಲ್ಲಿ ಇಳಿಯಿತು, ನಿಜ. ಉಳಿದದ್ದನ್ನು ಮೋಡ ಒಲೆಯ ಮೇಲಿನ ಹೊಗೆಗೂಡಿನಂತೆ ಮೇಲಕ್ಕೆಳೆದುಕೊಂಡಿತು. ಅಲ್ಲಿ ಅದು ಮಿಂಚಿನಿಂದ ಹುಟ್ಟಿದ ಅನಿಲಗಳ ಜೊತೆ ಸೇರಿ ಬಿಸಿಲಿಗೆ ಓಝೋನ್ ಆಯಿತು.

ಕೆಳಗಿನ ನಗರದವರು ಇದನ್ನು ಕಲಿತರು, ತಮಗೆ ಬೇಕಾದಷ್ಟು ಮಾತ್ರ. ಕಾರ್ಖಾನೆಗಳ ಹೊಗೆಯನ್ನು ದೊಡ್ಡ ಕೊಠಡಿಗಳಲ್ಲಿ ಕೂಡಿಟ್ಟು, ಗುಡುಗು ಮೋಡ ನೆತ್ತಿಗೆ ಬಂದಾಗ ಚಾವಣಿ ತೆರೆಯುತ್ತಾರೆ. ಆ ಚಾವಣಿಗೆ ಮೋಡಬಾಗಿಲು ಎಂದು ಹೆಸರು. ಅದು ತೆರೆದ ದಿನ ಮನೆಮನೆಯಲ್ಲೂ ಪಾಯಸ. ಆಕಾಶದ ಓಝೋನ್ ಕೊಡೆ ತೂತಾಗಿದೆ, ನಾವು ಅದಕ್ಕೆ ತೇಪೆ ಹಾಕುತ್ತಿದ್ದೇವೆ ಎಂದು ಮಕ್ಕಳಿಗೆ ಶಾಲೆಯಲ್ಲಿ ಹೇಳಿಕೊಡುತ್ತಾರೆ. ಎಂಥ ಬುದ್ಧಿವಂತರು ನೋಡಿ. ಕೊಡೆ ಇರುವುದು ಇನ್ನೂ ಎಷ್ಟೋ ಮೇಲೆ. ಇವರ ಓಝೋನ್ ಅದರ ಕೆಳಗೇ ಹುಟ್ಟಿ, ಗಾಳಿಯಲ್ಲಿ ತೇಲಿ ಬಂದು ನಮ್ಮ ಗುಡ್ಡದ ಮೇಲೆ ಇಳಿಯುತ್ತದೆ. ಮೇಲಿದ್ದರೆ ಕೊಡೆ, ಉಸಿರಿಗೆ ಸಿಕ್ಕರೆ ಅದು ವಿಷ. ಮೋಡ ತೀರಾ ಎತ್ತರ ಬೆಳೆದಾಗ ಹೊಗೆಯಲ್ಲಿನ ಕ್ಲೋರಿನ್ ಮಾತ್ರ ಕೊಡೆಯವರೆಗೂ ಏರಿ, ಇರುವ ತೂತನ್ನೇ ದೊಡ್ಡದು ಮಾಡುತ್ತದೆ.

ಮಳೆಯ ಮರುದಿನ ನಮ್ಮ ಆಕಾಶ ಬಹಳ ಚೆಂದ. ಅದಕ್ಕೆ ನೀಲಿ ದಿನ ಎನ್ನುತ್ತೇವೆ, ಅಂದು ಯಾರೂ ಹೊರಗೆ ಬರುವುದಿಲ್ಲ. ಕಿಟಕಿಯ ಸಂದಿಗಳಿಗೆ ಇದ್ದಿಲಿನ ಚೀಲ ತುರುಕಿ ಒಳಗೆ ಕೂರುತ್ತೇವೆ. ಹೊರಗೆ ಮರೆತು ಬಿಟ್ಟ ರಬ್ಬರ್ ಚಪ್ಪಲಿ ಬಿರುಕು ಬಿಡುತ್ತದೆ, ಹಿತ್ತಲಿನ ಅವರೆ ಎಲೆಗಳ ಮೇಲೆ ಕಂದು ಚುಕ್ಕೆಗಳು ಏಳುತ್ತವೆ. ಮದುವೆಗೆ ಮಂಕು ಆಕಾಶವಿರುವ ದಿನವನ್ನೇ ಹುಡುಕುತ್ತೇವೆ. ಬಿಸಿಲು ಬಿದ್ದರೆ ಬೀಗರು ಮುಖ ಸಿಂಡರಿಸುತ್ತಾರೆ.

ನನ್ನ ಮಗಳು ಸುಗಲಾಳಿಗೆ ಏಳು ವರ್ಷ. ಉಸಿರೆಳೆದರೆ ಎದೆಯಲ್ಲಿ ಸಿಳ್ಳೆ ಕೇಳುತ್ತದೆ. ಇನ್ನೊಂದು ಮಳೆಗಾಲ ಇಲ್ಲೇ ಇಟ್ಟುಕೊಂಡರೆ ಉಳಿಯುವುದಿಲ್ಲ ಎಂದು ವೈದ್ಯರು ಹೇಳಿಬಿಟ್ಟರು. ನಗರದಲ್ಲಿ ಗಾಳಿ ಚೆನ್ನಾಗಿದೆ. ಆದರೆ ಹೊರಗಿನವರಿಗೆ ಅಲ್ಲಿ ಸಿಗುವುದು ಒಂದೇ ಕೆಲಸ, ಮೋಡಬಾಗಿಲು ತೆರೆಯುವುದು. ಕೆಲಸದ ಜೊತೆ ಒಂದು ಕೋಣೆ, ಇಬ್ಬರಿಗೆ ಮಾತ್ರ.

ನನ್ನ ಅಕ್ಕ ಫಕೀರವ್ವ, ನನಗಿಂತ ಹೆಚ್ಚಾಗಿ ಸುಗಲಾಳನ್ನು ಎತ್ತಿ ಆಡಿಸಿದವಳು, ಇಲ್ಲೇ ಉಳಿಯುತ್ತಾಳೆ. ಅವಳ ಎದೆಯಲ್ಲೂ ಅದೇ ಸಿಳ್ಳೆ. ಆ ಕೆಲಸ ನನ್ನಿಂದಾಗದು ಎಂದು ನಾನು ಅತ್ತಾಗ ಅವಳು ಹುಡುಗಿಯ ತಲೆ ಬಾಚುತ್ತಿದ್ದಳು. ಬಾಚಣಿಗೆ ನಿಲ್ಲಿಸದೆ, "ಹೋಗವ್ವ, ಕೂಸು ಉಸಿರಾಡ್ಲಿ. ಮ್ವಾಡ ಬಂದಾಗ ನನ್ನ ನೆನಸಬ್ಯಾಡ, ಕೆಲಸ ಕೆಟ್ಟೀತು" ಎಂದಳು.

ನೀವು ಈ ಕಾಗದ ಓದಿ ಏನಾದರೂ ಮಾಡುತ್ತೀರೆಂಬ ನಂಬಿಕೆ ನನಗಿಲ್ಲ. ಮಾಡಿದ್ದರೆ ನಾನು ಇದನ್ನು ಬರೆಯಬೇಕಾಗಿರಲಿಲ್ಲ. ನಿಮ್ಮ ಮೇಲೆ ಸಿಟ್ಟಿದೆ, ಆದರೆ ಬೈಯುವ ಬಾಯಿ ಇನ್ನು ನನಗೂ ಇಲ್ಲ. ಕೇಳುವುದು ಇಷ್ಟೇ: ಮಳೆ ನಿಂತ ಮೇಲೆ ಒಮ್ಮೆ ಗಾಳಿ ಹೋದ ಕಡೆಗೆ ತಿರುಗಿ ನೋಡಿ. ಅಲ್ಲಿ ಯಾರೋ ಇರುತ್ತಾರೆ.

ನಾಳೆ ನಾವು ಹೊರಡುತ್ತೇವೆ. ಮೊದಲ ಮೋಡಕ್ಕೆ ನಾನು ಬಾಗಿಲು ತೆರೆಯುತ್ತೇನೆ, ಮರುದಿನ ಅಕ್ಕನ ಮನೆಯ ಮೇಲೆ ಆಕಾಶ ನೀಲಿಯಾಗಿರುತ್ತದೆ.