ಭೀಮನ ಭುಜಕೀರ್ತಿ

ಸಾಸಲು
ಭಾನುವಾರ

ದೊಡ್ಡಬಳ್ಳಾಪುರದ ಮೂಡಲಸೀಮೆ ಕಲಾ ಸಂಗ್ರಹಾಲಯದ ಮೇಲ್ವಿಚಾರಕರಿಗೆ ರುಕ್ಮಿಣಮ್ಮನ ನಮಸ್ಕಾರಗಳು.

ನಮ್ಮ ಯಜಮಾನರ ಭೀಮನ ವೇಷವನ್ನು ಹೋದ ವರ್ಷ ನಾನೇ ನಿಮಗೆ ಕೊಟ್ಟಿದ್ದೆ. ಮೊನ್ನೆ ಗುರುವಾರ ಅವರನ್ನು ಕರೆದುಕೊಂಡು ಬಂದು ನೋಡಿದೆ. ಕಿರೀಟ, ಎದೆಹಾರ ಎಲ್ಲವನ್ನೂ ಒರೆಸಿ ಗಾಜಿನ ಪೆಟ್ಟಿಗೆಯೊಳಗಿನ ಬೊಂಬೆಗೆ ಚೆನ್ನಾಗಿ ತೊಡಿಸಿದ್ದೀರಿ. ಎಡಗಡೆಯ ಭುಜಕೀರ್ತಿಗೆ ಮಾತ್ರ ಸ್ಕೂಲಿಗೆ ಹೊರಟ ಮಗುವಿನ ಬೂಟಿನ ಹಾಗೆ ಗಂಟು ಹಾಕಿದ್ದೀರಿ. ನಮ್ಮ ಮೂಡಲಪಾಯ ಯಕ್ಷಗಾನ ಮೇಳದಲ್ಲಿ ಅದರ ದಾರವನ್ನು ಕಂಕುಳಡಿ ಎರಡು ಸುತ್ತು ತಂದು ಬೆನ್ನ ಹಿಂದೆ ಬಿಗಿಯುತ್ತಾರೆ. ಇಲ್ಲದಿದ್ದರೆ ಭೀಮ ಗದೆ ಎತ್ತಿದ ಕೂಡಲೇ ಕಳಚಿ ಬೀಳುತ್ತದೆ.

ಅವತ್ತು ಗಾಜು ಬಡಿದವರು ನಮ್ಮವರೇ. ಕಾವಲಿನವರು ಗದರಿದರು, ಅದರಲ್ಲಿ ಅವರ ತಪ್ಪಿಲ್ಲ. ಎರಡು ವರ್ಷದಿಂದ ನಮ್ಮ ಯಜಮಾನರಿಗೆ ಮರೆವಿನ ಕಾಯಿಲೆ. ಅಂಗಿಯ ಗುಂಡಿಯನ್ನೂ ನಾನೇ ಹಾಕಬೇಕು. ನನ್ನನ್ನೇ "ಯಾವೂರಮ್ಮ ನಿಮ್ದು?" ಎಂದು ಕೇಳುತ್ತಾರೆ.

ವಾಪಸು ಬರುವಾಗ ಬಸ್ಸಿನಲ್ಲಿ, "ರುಕ್ಮಿಣೀ, ಆ ಎಡಗಡೆ ಗಂಟು ಸರಿಯಾಗಿಲ್ಲ ಕಣೇ, ಬಿದ್ದೋಗ್ತದೆ" ಅಂದರು. ಮನೆ ತಲುಪುವಷ್ಟರಲ್ಲಿ ಮತ್ತೆ ನನ್ನ ಊರು ಕೇಳಿದರು.

ಮುಂದಿನ ವಾರ ಬುಧವಾರ ಬೆಳಗಿನ ಬಸ್ಸಿಗೆ ಬರುತ್ತೇವೆ. ಹತ್ತು ನಿಮಿಷ ಗಾಜು ತೆಗೆಸಿಕೊಟ್ಟರೆ ಅವರೇ ಕಟ್ಟುತ್ತಾರೆ. ಬೇರೇನೂ ಮುಟ್ಟದ ಹಾಗೆ ನಾನು ನೋಡಿಕೊಳ್ಳುತ್ತೇನೆ.

ಈ ಕಾಗದ ಓದಿ ನೀವೇ ಗಂಟನ್ನು ಸರಿಮಾಡಿಬಿಟ್ಟಿದ್ದರೆ, ನಾವು ಬರುವುದರೊಳಗೆ ದಯವಿಟ್ಟು ಮತ್ತೆ ತಪ್ಪಾಗಿಯೇ ಕಟ್ಟಿಡಿ.

ಇಂತಿ,
ರುಕ್ಮಿಣಮ್ಮ
ಕೋಂ ಬೈಲಪ್ಪ