ಶುಕ್ರವಾರದ ಕ್ಯಾರೆಟ್

ಓರೆಬ್ರೂ ಹತ್ತಿರ, ಅಕ್ಟೋಬರ್ ೨೦೦೭

ಸೋದರತ್ತೆಗೆ ಅನಿರುದ್ಧನ ನಮಸ್ಕಾರ.

ಎಲ್ಲಿದ್ದರೂ ಶುಕ್ರವಾರದ ಗೋಗ್ರಾಸ ತಪ್ಪಿಸಬೇಡ ಎಂದಿದ್ದಿರಿ. ಈ ದೇಶದಲ್ಲಿ ಹಸುಗಳೆಲ್ಲ ಬೇಲಿಯಾಚೆ. ಹಾಗಾಗಿ ಮನೆ ಓನರ್ ಲೆನ್ನಾರ್ಟ್ ತನ್ನ ಕಾಡಂಚಿನಲ್ಲಿ ಜಿಂಕೆಗಳು ನೆಕ್ಕಲೆಂದು ಉಪ್ಪುಗಲ್ಲು ಇಟ್ಟಿರುವ ಕಡೆ ಅವಕ್ಕೆ ಕ್ಯಾರೆಟ್ ಹಾಕುತ್ತಿದ್ದೆ. ಪಕ್ಕದ ಮರದ ಅಟ್ಟಣಿಗೆ ಮಕ್ಕಳ ಆಟಕ್ಕೆಂದುಕೊಂಡಿದ್ದೆ. ನಿನ್ನೆ ಅವನು ಅದರ ಮೇಲೆ ಬಂದೂಕು ಹಿಡಿದು ಕೂತು ದೊಡ್ಡ ಗಂಡು ಜಿಂಕೆಯೊಂದನ್ನು ಹೊಡೆದ!

ಸಂಜೆ ಬಾಗಿಲಿಗೆ ಬಂದು ಕೈ ಕುಲುಕಿದ. "ಇದು ಬಯಲಿಗೇ ಬರ್ತಿರ್ಲಿಲ್ಲ. ನಿನ್ ಕ್ಯಾರೆಟ್‌ಗೆ ಬಂತು, ಥ್ಯಾಂಕ್ಸ್" ಎಂದ. ನನ್ನ ಪಾಲೆಂದು ಮಾಂಸದ ಪೊಟ್ಟಣವನ್ನೂ ಕೊಟ್ಟ. ಸಂಕೋಚಕ್ಕೆ ಇಸಿದುಕೊಂಡೆ. ಅದೀಗ ಫ್ರಿಜ್ಜಿನಲ್ಲಿ ಮೊಸರಿನ ಪಕ್ಕ ಕೂತಿದೆ.

"ಕೆಲವನ್ನ ಹೊಡೀದಿದ್ರೆ ಚಳಿಗಾಲದಲ್ಲಿ ಮೇವು ಸಾಲ್ದೆ ಎಲ್ಲಾ ಸೊರಗ್ತವೆ" ಅನ್ನುತ್ತಾನೆ. ನಿಜವೂ ಇರಬಹುದು. ನನಗಂತೂ ತಲೆಬುಡ ತಿಳಿಯುತ್ತಿಲ್ಲ. ನಾನು ಮಾಡಿದ್ದು ಪುಣ್ಯವೋ ಪಾಪವೋ, ಪುರೋಹಿತರನ್ನು ಕೇಳಿ ಬರೆಯಿರಿ. ಪೊಟ್ಟಣದ ವಿಷಯ ಅವರಿಗೆ ಹೇಳಬೇಡಿ.

ನೆಗಡಿ ವಾಸಿಯಾಗಿದೆ. ಕಾರ್ಡು ತುಂಬುತ್ತಾ ಬಂತು. ಇವತ್ತು ಮತ್ತೆ ಶುಕ್ರವಾರ. ಹೆಣ್ಣು ಜಿಂಕೆಯೊಂದು ಮರಿಯ ಜೊತೆ ಉಪ್ಪುಗಲ್ಲಿನ ಹತ್ತಿರ ನಿಂತು ನನ್ನ ಕಿಟಕಿಯನ್ನೇ ನೋಡುತ್ತಿದೆ. ನಿಮ್ಮ ಉತ್ತರ ಬರುವ ತನಕ ಅವಕ್ಕೆ ಹಸಿದುಕೊಂಡಿರಿ ಎನ್ನಲೇ?

ನಿಮ್ಮ ಅನಿ